ದೊಡ್ಡ ಪ್ಯಾಕೆಟ್ಟಿನ ಪಾಲು

ಜೂನ್ 6, ಗುರುವಾರ

ಅಂಗಡಿಗೆ ಹೋಗಿ ಬಂದಾಯಿತು. ಯಥಾಪ್ರಕಾರ ಅಂಗಡಿಯದೇ ಹೆಸರಿನ ಬಿಳಿ ಪ್ಯಾಕೆಟ್ಟುಗಳು — ಅಕ್ಕಿ, ಬೇಳೆ, ಸೋಪಿನ ಪುಡಿ. ದೊಡ್ಡ ಬ್ರ್ಯಾಂಡಿನದಕ್ಕಿಂತ ಎಷ್ಟೋ ಅಗ್ಗ. ಒಳಗಿನ ಸರಕು ಅದೇ. ಟಿವಿಯಲ್ಲಿ ಹಲ್ಲು ಕಿರಿಯುವವನಿಗೆ ನಾನ್ಯಾಕೆ ಸಂಬಳ ಕೊಡಲಿ? ಒಂದೇ ತಾಪತ್ರಯ, ಬಿಳಿ ಪ್ಯಾಕೆಟ್ ಬರುವುದು ದೊಡ್ಡದರಲ್ಲಿ ಮಾತ್ರ. ಒಂಟಿ ಹೊಟ್ಟೆಗೆ ಮುಗಿಯುವಷ್ಟರಲ್ಲಿ ಹುಳ. ಅದಕ್ಕೇ ಪ್ರತಿ ಗುರುವಾರ ಮೇಲಿನ ಮನೆಯ ನರ್ಸಮ್ಮನ ಜೊತೆ ಹೋಗಿ ತಂದು ಪಾಲು. ಅವಳೂ ಒಬ್ಬಳೇ, ರಿಟೈರ್ಡ್. ನನ್ನ ಅಡಿಗೆಮನೆಯ ಮೇಜಿನ ಮೇಲೆ ತಕ್ಕಡಿ ಇಟ್ಟು ಹಂಚಿಕೊಳ್ಳುತ್ತೇವೆ.

"ನಿಮ್ಮ ಕಡೆ ಹೆಚ್ಚು ಬಿತ್ತು."

"ಕನ್ನಡಕ ಒರೆಸ್ಕೊಳ್ಳಿ" ಅಂದೆ.

"ವೆಲ್ಡಿಂಗ್ ಮಾಡಿ ಮಾಡಿ ಕಣ್ಣು ಹೋಗಿರೋದು ನಿಮ್ದು. ನಂದಲ್ಲ."

ಬಾಯಿ ಜೋರು. ಆಮೇಲೆ ಟೀ. ಎದ್ದು ಹೋಗುವಾಗ ದೀಪ ಹಾಕುವ ಹೊತ್ತು. ಬೆಳಿಗ್ಗೆಯಿಂದ ಬೇರೆ ಯಾರ ಜೊತೆಗೂ ಮಾತಾಡಿರಲಿಲ್ಲ.

ಜೂನ್ 12, ಬುಧವಾರ

ಹಾಲಿಗೆ ಹೋಗಿದ್ದೆ. ಶೆಲ್ಫಿನಲ್ಲಿ ಹೊಸದಾಗಿ ಸಣ್ಣ ಬಿಳಿ ಪ್ಯಾಕೆಟ್. ಕಿಲೋ ಲೆಕ್ಕಕ್ಕೆ ಅದೇ ದರ. ಒಬ್ಬರಿಗೆ ಸರಿಯಾಗಿ ಸಾಕು. ಖುಷಿಯಾಗಬೇಕಿತ್ತು, ಆಗಲಿಲ್ಲ. ಇವನ್ನು ನೋಡಿದರೆ ನರ್ಸಮ್ಮನಿಗೆ ನನ್ನ ಪಾಲು ಯಾಕೆ ಬೇಕು?

ಆಚೆ ಈಚೆ ನೋಡಿದೆ. ದೊಡ್ಡವನ್ನು ಮುಂದಕ್ಕೆ ಎಳೆದೆ, ಸಣ್ಣವನ್ನು ಹಿಂದಕ್ಕೆ ತಳ್ಳಿದೆ. ಈ ವಯಸ್ಸಿಗೆ ಇದೊಂದು ಬಾಕಿ ಇತ್ತು.

ಜೂನ್ 13, ಗುರುವಾರ

ಸಣ್ಣವು ಅವಳ ಕಣ್ಣಿಗೆ ಬೀಳಲಿಲ್ಲ. ಪಾಲು, ಜಗಳ, ಟೀ. ಎಲ್ಲ ಆಯಿತು.

ಜೂನ್ 19, ಬುಧವಾರ

ಮತ್ತೆ ಸಣ್ಣವನ್ನು ಹಿಂದಕ್ಕೆ ತಳ್ಳುವಾಗ ಸಿಕ್ಕಿಬಿದ್ದೆ. ಶೆಲ್ಫ್ ಜೋಡಿಸುವವಳು ಸೊಂಟದ ಮೇಲೆ ಕೈಯಿಟ್ಟು ಹಿಂದೆ ನಿಂತಿದ್ದಳು.

"ಯಜಮಾನ್ರೇ, ನೀವೇನಾ? ನಾನು ಇಲಿ ಕಾಟ ಅಂದ್ಕೊಂಡಿದ್ದೆ."

"ಕೆಳಗೆ ಬಿದ್ದಿತ್ತು. ಎತ್ತಿಟ್ಟೆ."

"ಅಷ್ಟು ಹಿಂದಕ್ಕಾ?"

"ನಿನ್ನ ಕೆಲಸ ನೋಡ್ಕೋ."

ತಪ್ಪು ನನ್ನದು, ಬೈಗುಳ ಅವಳಿಗೆ.

ಜೂನ್ 20, ಗುರುವಾರ

ಸಣ್ಣ ಪ್ಯಾಕೆಟ್ಟುಗಳು ಬಾಗಿಲ ಎದುರಿಗೇ, ಗೋಪುರದ ಹಾಗೆ. ಶೆಲ್ಫಿನವಳ ಸೇಡು. ನರ್ಸಮ್ಮ ಒಂದನ್ನು ಎತ್ತಿ ತಿರುಗಿಸಿ ನೋಡಿದಳು.

"ಇನ್ಮೇಲೆ ಇದೇ ತಗೋಬಹುದು. ಪಾಲು ಪಾಲು ಅಂತ ನಿಮಗೂ ಸುಮ್ನೆ ತೊಂದ್ರೆ. ಅಲ್ವಾ?"

ಅಲ್ವಾ ಅಂತ ಕೇಳಿ ಕಾದಳು. ತೊಂದರೆ ಏನಿಲ್ಲ ಅನ್ನಬಹುದಿತ್ತು.

"ಸದ್ಯ, ತಲೆನೋವು ತಪ್ಪಿತು" ಅಂದೆ.

ಎಲುಬಿಲ್ಲದ ನಾಲಿಗೆ. ವಾಪಸ್ ಬಂದಾಗ ಅವಳು ನನ್ನ ಬಾಗಿಲು ದಾಟಿ ಸೀದಾ ಮೇಲೆ ಹೋದಳು.

ಜುಲೈ 4, ಗುರುವಾರ

ಹೋದ ವಾರ ಅಂಗಡಿಗೆ ಹೋಗಲಿಲ್ಲ. ಇವತ್ತು ಒಬ್ಬನೇ ಹೋದೆ. ಪ್ಯಾಕೆಟ್ ಒಡೆದು ಡಬ್ಬಿಗೆ ಸುರಿದೆ. ತೂಗುವ ಕೆಲಸವಿಲ್ಲ, ಜಗಳವಿಲ್ಲ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಇನ್ನೂ ಬಿಸಿಲಿತ್ತು. ಏನು ಮಾಡುವುದು ಅಂತ ತಿಳಿಯದೆ ಒಲೆ ಉಜ್ಜಿದೆ.

ಬರುವಾಗ ಮೆಟ್ಟಿಲ ಮೇಲೆ ನರ್ಸಮ್ಮ ಸಿಕ್ಕಿದ್ದಳು.

"ಹುಷಾರಾ?" ಅಂದಳು.

"ಹೂಂ."

ಇಬ್ಬರ ಕೈಯಲ್ಲೂ ಒಂದೊಂದು ಸಣ್ಣ ಪ್ಯಾಕೆಟ್.

ಜುಲೈ 11, ಗುರುವಾರ, ಸಂಜೆ

ನರ್ಸಮ್ಮನನ್ನು ಮತ್ತೆ ಏನಂತ ಕರೆಯುವುದು? ಗೊತ್ತಿಲ್ಲದೆ ದೊಡ್ಡದು ತಂದೆ ಅನ್ನೋಣವೇ — ಶೆಲ್ಫಿನವಳು ಇಷ್ಟು ಹೊತ್ತಿಗೆ ಕಥೆಯೆಲ್ಲ ಇವಳ ಕಿವಿಗೆ ಊದಿರುತ್ತಾಳೆ. ಮಂಡಿ ನೋವು, ಚೀಲ ಹೊರಲಾಗುವುದಿಲ್ಲ ಅಂದರೆ ನರ್ಸು ಮಂಡಿಯನ್ನೇ ಹಿಡಿದು ತಿರುಚಿ ನೋಡುತ್ತಾಳೆ.

ಇರುವುದು ಒಂದೇ ಮಾತು. ಪಾಲಿಗಲ್ಲ, ಸುಮ್ಮನೆ ಜೊತೆಗೆ ಬನ್ನಿ. ಬರೆಯುವುದಕ್ಕೆ ಎಷ್ಟು ಸಲೀಸು. ಬಾಯಿಗೆ ಬಂದರೆ ಗದರಿದ ಹಾಗಾಗುತ್ತದೆ.

ಮೇಲೆ ಚಿಲಕದ ಸದ್ದು. ಚಪ್ಪಲಿ. ಇಳಿಯುತ್ತಿದ್ದಾಳೆ, ಅಂಗಡಿಗೇ ಇರಬೇಕು. ನನ್ನ ಬಾಗಿಲ ಹತ್ತಿರ ಸ್ವಲ್ಪ ನಿಧಾನ... ಇಲ್ಲ, ನನಗೆ ಹಾಗೆ ಅನಿಸಿದ್ದು. ಈಗ ಎದ್ದು ಬಾಗಿಲು ತೆಗೆಯದೇ ಹೋದರೆ —