ಮಿಹೊ ಹಾಡುವ ಶನಿವಾರ

ಕ್ಯುಪರ್ಟಿನೋ
14 ಅಕ್ಟೋಬರ್ 2000

ಮಗ ಯೋಗಾನಂದನಿಗೆ ಅವ್ವನ ಆಶೀರ್ವಾದ.

ನೀನು ಆಫೀಸಿನಿಂದ ಬರುವಷ್ಟರಲ್ಲಿ ನಾನೂ ನಿಸರ್ಗಾಳೂ ಬಸ್ಸಿನಲ್ಲಿ ಸ್ಯಾನ್ ಹೋಸೆಗೆ ಹೋಗಿರುತ್ತೇವೆ. ನೀನು ಬೇಡವೆಂದ ಆ ಜಪಾನಿ ಹಾಡುಗಾರ್ತಿ ಮಿಹೊಳ ಕಾರ್ಯಕ್ರಮಕ್ಕೇ. ಕರೆದುಕೊಂಡು ಹೋಗುತ್ತಿರುವವಳು ನಾನು, ಮಗುವನ್ನು ಬೈಯಬೇಡ.

ಹೋದ ವರ್ಷ ಗಂಟಲಿನ ಆಪರೇಷನ್ ಆದಮೇಲೆ ಮಿಹೊಳ ದನಿ ಒಡೆದುಹೋಯಿತಂತೆ. ತಂಡದವರು ಅವಳನ್ನು ಕೈಬಿಟ್ಟರು, ಅಭಿಮಾನಿಗಳೂ ಬೇರೆಯವರ ಹಿಂದೆ ಹೋದರು. ಈಗ ಒಬ್ಬಳೇ ಸಣ್ಣಪುಟ್ಟ ಸಭಾಂಗಣಗಳಲ್ಲಿ ಹಾಡುತ್ತಾಳೆ. ಇನ್ನೂ ಅವಳೇ ಯಾಕೆ ಬೇಕೆಂದು ನಿನ್ನ ಮಗಳನ್ನು ಕೇಳಿದೆ.

"ಅಜ್ಜಿ, ಅವಳು ಚೆನ್ನಾಗಿ ಹಾಡ್ತಿದ್ದಾಗ ನಾನು ಫ್ಯಾನು. ಈಗ ನಾನೂ ಬಿಟ್ರೆ ಅವಳು ಯಾರಿಗೆ ಹಾಡ್ತಾಳೆ?" ಎಂದಳು.

ನನ್ನ ಜೊತೆ ಅಷ್ಟುದ್ದ ಕನ್ನಡ ಮಾತಾಡಿದ್ದು ಅದೇ ಮೊದಲು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಮಿಹೊ ಹಾಡುವಾಗ ಹಳದಿ ಬಟ್ಟೆ ಬೀಸುವುದು ಅಭಿಮಾನಿಗಳ ವಾಡಿಕೆಯಂತೆ. ನನ್ನದೊಂದು ಹಳದಿ ಸೀರೆ ಕತ್ತರಿಸಿ ಇಬ್ಬರಿಗೂ ಒಂದೊಂದು ಹೊಲಿದಿದ್ದೇನೆ.

ಸಾರು ಒಲೆಯ ಮೇಲಿದೆ. ವಿಳಾಸ ಫ್ರಿಜ್ಜಿಗೆ ಅಂಟಿಸಿದ್ದೇನೆ. ಊಟ ಮಾಡಿ, ಐದು ಗಂಟೆಗೆ ನಮ್ಮನ್ನು ಕರೆತರಲು ಬಾ. ಬೇಗ ಬಂದರೆ ಕಾರಿನಲ್ಲೇ ಕೂರಬೇಡ, ಒಳಗೆ ಬಾ. ಕುರ್ಚಿಗಳು ಖಾಲಿ ಇರುತ್ತವೆ.

ನಿನ್ನ ಅವ್ವ,
ಮರಿತಾಯಮ್ಮ