ಇವರು ಕ್ಯಾಮೆರಾ ಮುಂದೆ ಅಂದ ಮಾತು

ಅಕ್ಕಾ, ನಮಸ್ಕಾರ. ಕಾರ್ಡು ಚಿಕ್ಕದು, ವಿಷಯ ದೊಡ್ಡದು.

ಕಷ್ಟದಲ್ಲಿರುವ ಸಂಸಾರಗಳ ಮೇಲೆ ಕಿರುಚಿತ್ರ ತೆಗೆಯುವವರು ನಿನ್ನೆ ನಮ್ಮ ಬಾಡಿಗೆ ಕೋಣೆಗೆ ಬಂದಿದ್ದರು. ನಟರು ಬೇಡವಂತೆ, ನಿಜವಾದ ಗಂಡ ಹೆಂಡತಿಯೇ ಬೇಕಂತೆ. ನಾನು ಸೊಪ್ಪು ಬಿಡಿಸುತ್ತಿರಬೇಕು. ನಮ್ಮ ಯಜಮಾನರು ಬಿಸ್ಕತ್ತು ಫ್ಯಾಕ್ಟರಿಯಿಂದ ಬಂದು, "ಸಾಕಾಯ್ತು ಕಣೇ" ಅನ್ನಬೇಕು. ಮೂರು ಸಲ ಹಾಗೇ ಅಂದರು. ನಾಲ್ಕನೇ ಸಲ ನನ್ನ ಮುಖ ನೋಡದೆ, "ನನ್ನ ಕೆಲಸ ಹೋಗಿ ಹದಿನೈದು ದಿನ ಆಯ್ತು ಕಣೇ. ದಿನಾ ಪಾರ್ಕಲ್ಲಿ ಕೂತು ಬರ್ತೀನಿ" ಅಂದುಬಿಟ್ಟರು.

"ಸೂಪರ್!" ಎಂದು ನಿರ್ದೇಶಕಿ ಚಪ್ಪಾಳೆ ತಟ್ಟಿದಳು. ಈ ಮಾತು ನೀವು ಬರೆದುಕೊಟ್ಟಿದ್ದಾ ಎಂದು ಕೇಳಿದೆ. "ಇಲ್ಲಮ್ಮ, ಅವರೇ ಸೇರಿಸಿದ್ದು" ಅಂದಳು.

ಎಲ್ಲರೂ ಹೋದಮೇಲೆ ಇವರನ್ನೇ ಕೇಳಿದೆ. "ನಿಜಾನೇ. ನಿನ್ನೊಬ್ಬಳ ಮುಂದೆ ಹೇಳೋಕೆ ಬಾಯೇ ಬರ್ಲಿಲ್ಲ" ಅಂದರು. ಬೈಯಬೇಕೋ, ತಲೆ ಸವರಬೇಕೋ ತಿಳಿಯದೆ ಸ್ಟವ್ ಒರೆಸುತ್ತಾ ನಿಂತೆ.

ನನ್ನ ಕೆಮ್ಮು ವಾಸಿಯಾಗಿದೆ, ಚಿಂತೆ ಮಾಡಬೇಡ. ಚಿತ್ರದವರು ಇವತ್ತು ಮತ್ತೆ ಬರುತ್ತಾರೆ. ನಿನ್ನೆ ನನ್ನ ಮುಖ ಸರಿಯಾಗಿ ಬಂದಿಲ್ಲವಂತೆ. ಸುದ್ದಿಯನ್ನು ಆಗತಾನೇ ಕೇಳಿದವಳ ಹಾಗೆ ಕಾಣಬೇಕಂತೆ. ಅದು ಹೇಗಿರುತ್ತೆ ಅಕ್ಕಾ? ಬಾಗಿಲು ಬಡಿಯುತ್ತಿದ್ದಾರೆ.

ನಿನ್ನ ತಂಗಿ