ನಿಂತೇ ಆಡಿದ ಮಾತು

ಗಂಡಸರ ಮುಂದೆ ಮೊಣಕಾಲೂರದ ಹುಡುಗಿಗೆ ಗಂಡ ಸಿಗುವುದಿಲ್ಲ ಎಂದೋ, ಮರ್ಯಾದೆ ಸಿಗುವುದಿಲ್ಲ ಎಂದೋ ಏನೋ ಅನ್ನುತ್ತಿದ್ದಿರಿ. ನೀವು ಸತ್ತರೂ ಆ ಮಾತು ಸಾಯಲಿಲ್ಲ.

ಇವತ್ತು ನಮ್ಮ ಮಗಳು ನಕಿಬುಕಾ ಕಂಪಾಲಾದಿಂದ, ಹೆಣ್ಣುಮಕ್ಕಳ ಓದಿಗಾಗಿ ದುಡಿಯುವ ತನ್ನ ಸಂಘದ ಹುಡುಗಿಯರೊಡನೆ ಊರಿಗೆ ಬಂದಿದ್ದಳು. ನಿಮ್ಮ ಗೆಳೆಯ ಲುಬೇಗಾ ತನ್ನ ಮಗಳನ್ನು ಶಾಲೆ ಬಿಡಿಸಿ ಮದುವೆಗೆ ಗೊತ್ತುಮಾಡಿದ್ದ. ಅದರ ಮಾತಿಗೆಂದು ಅವನ ಮನೆಯಲ್ಲಿ ಸೇರಿದ್ದೆವು: ಗಂಡಸರು ಕುರ್ಚಿಯಲ್ಲಿ, ನಾವು ಹೆಂಗಸರು ಚಾಪೆಯಲ್ಲಿ. ನಕಿಬುಕಾ ಮಾತ್ರ ನಿಂತೇ ಇದ್ದಳು.

"ದೊಡ್ಡೋರ ಮುಂದೆ ಮೊಣಕಾಲೂರಿ ಮಾತಾಡು. ನಿಮ್ಮಪ್ಪ ಕಲಿಸಲಿಲ್ವೇನೇ?" ಎಂದು ಲುಬೇಗಾ ಗದರಿದ.

"ಕಲಿಸಿದ್ರು ಮಾವ. ಅದಕ್ಕೇ ಅಮ್ಮನ ಮೊಣಕಾಲು ಸವೆದುಹೋಗಿರೋದು. ನೀವು ಹುಡುಗೀನ ಶಾಲೆಗೆ ಕಳಿಸಿ."

ಲುಬೇಗಾನ ಹೆಂಡತಿ ಚಾಪೆಯಿಂದ ಎದ್ದಳು. "ಸೋಮವಾರ ನಾನೇ ಕಳಿಸ್ತೀನಿ. ಅಡ್ಡ ಬನ್ನಿ, ನೋಡೋಣ" ಎಂದು ಗಂಡನ ಮುಖ ನೋಡಿಯೇ ಹೇಳಿದಳು.

ಮೊಣಕಾಲೂರಿ ನಿಮಗೆ ಬೇಯಿಸಿದ ಬಾಳೆಕಾಯಿಯ ಮಟೋಕೆ ಬಡಿಸುವಾಗಲೆಲ್ಲ ನಾನು ನೆಲ ನೋಡುತ್ತಿದ್ದೆ. ಆಗ ನೀವು ಏನು ನೋಡುತ್ತಿದ್ದಿರಿ?